ಸ್ಟೀಲ್ ಗಿಟಾರಿಗೆ ಯಾವ ಮೈಕ್? ಮಾಳಮಡ್ಡಿಯ ಪಡಸಾಲೆಯಿಂದ ಒಂದು ಹೋಲಿಕೆ

ಕಾಕಾ ಹೆಡ್‌ಫೋನ್ ತೆಗೆದು ತೊಡೆಯ ಮೇಲಿದ್ದ ಗಿಟಾರಿನ ಮೇಲೆ ಇಟ್ಟರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದರು: "ತಮ್ಮಾ, ನಾ ಬಾರಿಸಿದ್ದು ಗಿಟಾರು. ಇದರಾಗ ಕೇಳ್ಸೂದು ಕಸಬರಿಗಿ ಸಪ್ಪಳ ಅಲ್ಲೇನು?"

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆ. ಪಕ್ಕದ ಮನೆಯ ಕಾಕಾ ಬ್ಯಾಂಕಿನ ಕೆಲಸ ಮುಗಿಸಿ ಮನೆಯಲ್ಲಿ ಕೂತ ಮೇಲೆ ಹವಾಯಿಯನ್ ಗಿಟಾರನ್ನು, ಅಂದರೆ ಸ್ಟೀಲ್ ಗಿಟಾರನ್ನು, ಮತ್ತೆ ಕೈಗೆತ್ತಿಕೊಂಡಿದ್ದರು. ಆ ದಿನ ನಲವತ್ತು ನಿಮಿಷ ಬಾಗೇಶ್ರೀ ರಾಗ ಬಾರಿಸಿದ್ದರು. ನಾನು ಎಡಗೈಯ ಬಾರ್ (ತಂತಿಯ ಮೇಲೆ ಜಾರಿಸುವ ಉಕ್ಕಿನ ತುಂಡು) ಓಡಾಡುವ ಜಾಗಕ್ಕೆ ಸರಿಯಾಗಿ, ತಂತಿಯಿಂದ ಅರ್ಧ ಗೇಣಿನಲ್ಲಿ ಮೈಕ್ ಇಟ್ಟಿದ್ದೆ. ಬಾರ್ ಸರಿದಾಗಲೆಲ್ಲ ಕರ್ ಕರ್. ಸ್ವರ ಅದರ ಹಿಂದೆ ಎಲ್ಲೋ ಅಡಗಿ ಕೂತಿತ್ತು. ಆ ಮೈಕ್ ಶೂರ್ ಎಸ್‌ಎಂ57. 1965ರಿಂದ ಬರುತ್ತಿರುವ, ನೆಲಕ್ಕೆ ಬಿದ್ದರೂ ಜಗ್ಗದ ಒಳ್ಳೆಯ ಮೈಕ್. ಅದನ್ನು ಆ ಕೆಲಸಕ್ಕೆ ಹಚ್ಚಿದ್ದು, ಆ ಜಾಗದಲ್ಲಿ ಇಟ್ಟಿದ್ದು, ಎರಡೂ ನನ್ನ ತಪ್ಪೇ.

ಅಲ್ಲಿಂದ ಇಲ್ಲಿಯವರೆಗೆ ಬೇಡಿ ತಂದು, ಬಾಡಿಗೆಗೆ ತಂದು, ಕೆಲವನ್ನು ಕೊಂಡು, ಒಂದೆರಡನ್ನು ಮಾರಿ ಕಲಿತದ್ದು ಇಲ್ಲಿದೆ. "ಯಾವ ಮೈಕ್ ತಗೋಬೇಕು?" ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು ಒಂದೇ ಮಾತು.

ನಿಮ್ಮ ಸ್ಟೀಲ್ ಗಿಟಾರ್ ಯಾವುದು?

ಹೆಸರು ಒಂದೇ, ವಾದ್ಯಗಳು ಹಲವು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪದಲ್ಲಿ ಜೋಸೆಫ್ ಕೆಕುಕು ಎಂಬ ಹುಡುಗ ಗಿಟಾರಿನ ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿದ್ದರಿಂದ ಶುರುವಾದದ್ದು ಇದು. ನಮ್ಮ ದೇಶಕ್ಕೆ ಬಂದ ಮೇಲೆ ಎರಡು ದಾರಿ ಹಿಡಿಯಿತು.

ಒಂದು, ರಾಗದ ದಾರಿ. ಬ್ರಿಜ್ ಭೂಷಣ ಕಾಬ್ರಾ ಅವರು ಟೊಳ್ಳು ಮೈಯ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಹಿಂದೂಸ್ತಾನಿ ನುಡಿಸಿದರು. ವಿಶ್ವಮೋಹನ ಭಟ್ಟರು ಅದಕ್ಕೆ ತರಬ್ ತಂತಿ (ಮೀಟದೆಯೇ ತಾನಾಗಿ ಮಿಡಿಯುವ ತಂತಿ) ಸೇರಿಸಿ ಮೋಹನ ವೀಣೆ ಮಾಡಿದರು. ಒಟ್ಟು 20 ತಂತಿ, ಅದರಲ್ಲಿ 12 ತರಬ್. ಇಂಥ ವಾದ್ಯದ ಸದ್ದು ಮರದ ಹಲಗೆಯಿಂದ ಗಾಳಿಗೆ ಬರುತ್ತದೆ. ಅದಕ್ಕೆ ಮೈಕೇ ಬೇಕು.

ಇನ್ನೊಂದು, ಸಿನಿಮಾ ಹಾಡಿನ ದಾರಿ. ವ್ಯಾನ್ ಶಿಪ್ಲಿ, ಸುನಿಲ್ ಗಂಗೂಲಿ ಅವರ ಎಲೆಕ್ಟ್ರಿಕ್ ಗಿಟಾರ್ ತಟ್ಟೆಗಳು ನೆನಪಿವೆ ಅಲ್ವಾ? ಆ ಜಾತಿಯದು ಲ್ಯಾಪ್ ಸ್ಟೀಲ್. ಗಟ್ಟಿ ಮರ, ತಂತಿಯ ಕೆಳಗೆ ಅದರ ಅಲುಗಾಟ ಹಿಡಿಯುವ ಮ್ಯಾಗ್ನೆಟ್ ಪಿಕಪ್, ಸದ್ದು ಬರುವುದು ಆಂಪ್‌ನಿಂದ. ಅಂದಹಾಗೆ ಮಾರುಕಟ್ಟೆಯಲ್ಲಿ ಗೆದ್ದ ಮೊದಲ ಎಲೆಕ್ಟ್ರಿಕ್ ಗಿಟಾರೇ ಒಂದು ಸ್ಟೀಲ್ ಗಿಟಾರ್. 1932ರಲ್ಲಿ ಮಾರಾಟಕ್ಕೆ ಬಂದ ರಿಕನ್‌ಬ್ಯಾಕರ್. ಬಾಣಲೆಯ ಹಾಗೆ ಕಾಣುತ್ತಿದ್ದುದರಿಂದ ಅದಕ್ಕೆ ಫ್ರೈಯಿಂಗ್ ಪ್ಯಾನ್ ಅಂತಲೇ ಹೆಸರು ಬಿತ್ತು.

ಕಾಲಿನ ಪೆಡಲಿನಿಂದ ಶ್ರುತಿ ಬದಲಿಸುವ ಪೆಡಲ್ ಸ್ಟೀಲ್ ನಮ್ಮ ಕಡೆ ಅಪರೂಪ. ಇದ್ದವರು ಲ್ಯಾಪ್ ಸ್ಟೀಲಿಗೆ ಹೇಳಿದ್ದನ್ನೇ ಹಿಡಿದರೆ ಸಾಕು. ಲೋಹದ ಕೋನ್ ಇರುವ ಡೋಬ್ರೋ ಇದ್ದರೆ ಟೊಳ್ಳು ಗಿಟಾರಿನ ಲೆಕ್ಕ. ಆದರೆ ಅದರ ಗಂಟಲು ದೊಡ್ಡದು, ಮೈಕ್ ಇನ್ನೊಂದು ಗೇಣು ದೂರ ಇರಲಿ.

ಸಿತಾರದ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಧಾರವಾಡದವರ ಕಿವಿಗೆ ತಂತಿವಾದ್ಯ ಎಂದರೆ ಸಿತಾರ. ರಹಿಮತ್ ಖಾನರ ಮನೆತನ, ಬಾಲೇಖಾನರ ಕೈ, 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯ ಬೆಳಗಿನ ಸಂಗೀತ, ಇವೆಲ್ಲ ಕಿವಿಯಲ್ಲಿ ಕೂತಿವೆ. ಅದಕ್ಕೇ ಇಲ್ಲಿ ರೆಕಾರ್ಡ್ ಮಾಡುವವರು ಸ್ಟೀಲ್ ಗಿಟಾರಿಗೂ ಸಿತಾರದ ಮೈಕನ್ನೇ ಹಚ್ಚುತ್ತಾರೆ. ನಾನೂ ಹಚ್ಚಿದೆ.

ಸಿತಾರದ ಜೀವ ಜವಾರಿಯಲ್ಲಿದೆ, ಅಂದರೆ ತಂತಿ ಬ್ರಿಜ್ಜಿಗೆ ತಾಗಿ ಏಳುವ ಝೇಂಕಾರದಲ್ಲಿ. ಮೇಲಿನ ಸ್ವರಾಂಶಗಳು ಝೇಂಕರಿಸಿದಷ್ಟೂ ಚೆಂದ. ಮೈಕ್ ಸ್ವಲ್ಪ ಚುರುಕಾಗಿದ್ದರೆ ಲಾಭವೇ. ಸ್ಟೀಲ್ ಗಿಟಾರಿನಲ್ಲಿ ಹಾಗಲ್ಲ. ಅದೇ ಎತ್ತರದ ಜಾಗದಲ್ಲಿ, ಅಂದರೆ ಎರಡು ಸಾವಿರದಿಂದ ಐದಾರು ಸಾವಿರ ಹರ್ಟ್ಸ್ ನಡುವೆ, ಬಾರ್ ತಂತಿಯನ್ನು ಉಜ್ಜುವ ಸದ್ದು ಕೂತಿರುತ್ತದೆ. ಸುತ್ತು ಹಾಕಿದ ದಪ್ಪ ತಂತಿಯ ಮೇಲಂತೂ ಜಾಸ್ತಿ. ಚುರುಕು ಮೈಕ್ ಇಟ್ಟರೆ ಕಸಬರಿಗೆ ಸಪ್ಪಳ ಖಂಡಿತ. ಎಸ್‌ಎಂ57ರ ಕಿವಿ ಐದಾರು ಸಾವಿರದ ಹತ್ತಿರವೇ ಎತ್ತಿ ಕೇಳುತ್ತದೆ. ಹಾಡುವವರಿಗೆ, ಡ್ರಮ್ಮಿಗೆ ಅದು ವರ. ನಮಗೆ ಕಾಟ.

ಎರಡನೆಯದು ಬಾಲ. ಒಂದು ಮೀಟು ಹೊಡೆದು ಗಂಧಾರದಿಂದ ಮೇಲಕ್ಕೆ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಎಳೆಯುತ್ತಾ ಹೋದರೆ, ಸ್ವರ ನಾಲ್ಕೈದು ಸೆಕೆಂಡು ಕರಗುತ್ತಾ ಇರುತ್ತದೆ. ರಾಗದ ರುಚಿ ಇರುವುದು ಆ ಕರಗುವ ಭಾಗದಲ್ಲೇ. ಸ್ವರ ಸಣ್ಣದಾಗುತ್ತಾ ಬಂದ ಹಾಗೆ ಮೈಕ್ ತಾನೇ ಮಾಡುವ ಸುಂಯ್ ಸದ್ದು ಮೇಲೇಳುತ್ತದೆ. ಹಾಗಾಗಿ ನನ್ನ ಮೊದಲ ಸೂತ್ರ ಇದು: ಹೆಸರಾಂತ ಮೈಕಿಗಿಂತ ಸುಮ್ಮನಿರುವ ಮೈಕ್ ಹುಡುಕಿ.

ಇನ್ನೊಂದು ಮಾತು. ಮೈಕ್ ಕೊಳ್ಳುವ ಮುಂಚೆ ತಂತಿ ಬದಲಿಸಿ. ಮಳೆಗಾಲ ಕಳೆದ ತಂತಿಗೆ ತುಕ್ಕಿನ ಹೊರಪದರ ಬಂದಿರುತ್ತದೆ, ಕಣ್ಣಿಗೆ ಕಾಣಿಸದಿದ್ದರೂ ಬಾರಿಗೆ ಗೊತ್ತಾಗುತ್ತದೆ. ಕಾಕಾ ತಂತಿ ಬದಲಿಸಿ ಬಾರನ್ನು ಮೆತ್ತನೆ ಅರಿವೆಯಿಂದ ತಿಕ್ಕಿದ ದಿನ ಕರ್ ಕರ್ ಎಷ್ಟೋ ಇಳಿಯಿತು. ಮೈಕ್ ಅದೇ, ಜಾಗ ಅದೇ.

ಡೈನಾಮಿಕ್ಕೋ ಕಂಡೆನ್ಸರೋ?

ಕಡಿಮೆ ದುಡ್ಡಿನಲ್ಲಿ ಮೊದಲ ಮೈಕ್ ಕೊಳ್ಳುವವರ ಜಗಳ ಸಾಮಾನ್ಯವಾಗಿ ಎಸ್‌ಎಂ57 ಮತ್ತು ಆಡಿಯೋ ಟೆಕ್ನಿಕಾ ಎಟಿ2020ರ ನಡುವೆ. ಬೆಲೆಯಲ್ಲಿ ಹತ್ತಿರ ಹತ್ತಿರ. ಸ್ವಭಾವದಲ್ಲಿ ಉತ್ತರ ದಕ್ಷಿಣ.

ಎಸ್‌ಎಂ57 ಡೈನಾಮಿಕ್. ಅದಕ್ಕೆ ಕರೆಂಟ್ ಬೇಡ, ಧೂಳಿಗೆ ತೇವಕ್ಕೆ ಹೆದರುವುದಿಲ್ಲ. ಆದರೆ ಧ್ವನಿ ಸಣ್ಣದು. ಅದೇ ಸದ್ದಿಗೆ ಎಟಿ2020 ಕೊಡುವುದಕ್ಕಿಂತ ಸುಮಾರು 19 ಡಿಬಿ (ಡೆಸಿಬಲ್, ಸದ್ದಿನ ಅಳತೆ) ಕಡಿಮೆ ಕೊಡುತ್ತದೆ. ಆ ಕೊರತೆಯನ್ನು ಇಂಟರ್‌ಫೇಸ್, ಅಂದರೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ, ತುಂಬಬೇಕು. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಮೂರನೇ ತಲೆಮಾರಿನದಾದರೆ ಗೇನ್ (ಸದ್ದು ಏರಿಸುವ ಶಕ್ತಿ) 56 ಡಿಬಿಗೆ ಮುಗಿಯುತ್ತದೆ. ಮೆಲ್ಲನೆಯ ಆಲಾಪಕ್ಕೆ ಗೇನಿನ ಗುಬ್ಬಿಯನ್ನು (ನಾಬ್) ಕೊನೆಯವರೆಗೆ ತಿರುಗಿಸಿದರೆ ಸ್ವರದ ಜೊತೆ ಸುಂಯ್ ಕೂಡ ಬಂದಾಯಿತು. ನಾಲ್ಕನೇ ತಲೆಮಾರಿನದರಲ್ಲಿ 69 ಡಿಬಿ ಇದೆ, ಅದರಲ್ಲಿ ಪರವಾಗಿಲ್ಲ. ನಡುವೆ ಕ್ಲೌಡ್‌ಲಿಫ್ಟರ್ ತರದ ಡಬ್ಬಿ ಹಾಕಿದರೆ ಸುಮಾರು 25 ಡಿಬಿ ಮೇಲೇರುತ್ತದೆ. ಆದರೆ ಮೈಕಿನ ದುಡ್ಡು, ಡಬ್ಬಿಯ ದುಡ್ಡು ಕೂಡಿಸಿ ನೋಡಿ. ಅಷ್ಟು ಖರ್ಚು ಮಾಡುವವರು ಒಳ್ಳೆಯ ಕಂಡೆನ್ಸರನ್ನೇ ತರಬಹುದಿತ್ತು.

ಎಟಿ2020 ಕಂಡೆನ್ಸರ್. 48 ವೋಲ್ಟ್ ಫ್ಯಾಂಟಮ್, ಅಂದರೆ ಮೈಕ್ ಕೇಬಲಿನಲ್ಲೇ ಹೋಗುವ ಕರೆಂಟ್, ಬೇಕು. ಅದನ್ನು ಇಂಟರ್‌ಫೇಸೇ ಕೊಡುತ್ತದೆ. ಮೀಂಡಿನ ಬಾಲ ಹಿಡಿಯುವುದರಲ್ಲಿ ಎಸ್‌ಎಂ57ಗಿಂತ ಎಷ್ಟೋ ಮೇಲು. ಆದರೆ ಅದರ ಸ್ವಂತ ಸದ್ದು 20 ಡಿಬಿ. ಅದೇ ಕಂಪನಿಯ ಎಟಿ2035ರಲ್ಲಿ 12. ರೋಡ್ ಎನ್‌ಟಿ1ರಲ್ಲಿ ನಾಲ್ಕು, ನಾಲ್ಕೂವರೆ. ಈ ಅಂಕಿ ಸಣ್ಣದಿದ್ದಷ್ಟೂ ಮೈಕ್ ಬಾಯಿ ಮುಚ್ಚಿಕೊಂಡಿರುತ್ತದೆ.

ಇಲ್ಲಿ ಒಂದು ತಕರಾರು ಬರುತ್ತದೆ, ನ್ಯಾಯವಾದದ್ದೇ. ರಾತ್ರಿ ಹನ್ನೊಂದಕ್ಕೂ ನಮ್ಮ ಮನೆಗಳಲ್ಲಿ 30 ಡಿಬಿ ಸದ್ದು ಇದ್ದೇ ಇರುತ್ತದೆ. ಫ್ಯಾನ್ ಹಾಕಿದರೆ ಇನ್ನೂ ಮೇಲೆ. ಹಾಗಿದ್ದ ಮೇಲೆ ಮೈಕಿನ ನಾಲ್ಕು ಡಿಬಿ ಯಾವ ಸುಖಕ್ಕೆ? ನಾನೂ ಹಾಗೇ ಅಂದುಕೊಂಡು ಒಂದು ವರ್ಷ ಎಟಿ2020ರಲ್ಲೇ ಕೆಲಸ ಮಾಡಿದೆ. ಆಮೇಲೆ ಒಂದು ರಾತ್ರಿ ಗೆಳೆಯನೊಬ್ಬನ ಎನ್‌ಟಿ1 ಪಕ್ಕದಲ್ಲಿಟ್ಟು ಎರಡರಲ್ಲೂ ಒಂದೇ ಸಲ ರೆಕಾರ್ಡ್ ಮಾಡಿದೆ. ಕೋಣೆಯ ಸದ್ದು ಬಹುಪಾಲು ಕೆಳಗಿನದು. ದೂರದ ಲಾರಿ, ಫ್ರಿಜ್ಜು, ಗೋಡೆಯಾಚೆಯ ಮೋಟಾರು. ಅದನ್ನು ಕಿವಿ ಮರೆಯುತ್ತದೆ. ಮೈಕಿನ ಸದ್ದು ಮೇಲಿನದು, ಒಗ್ಗರಣೆ ಹಾಕಿದ ಹಾಗೆ ಚುಂಯ್. ಅದನ್ನು ಕಿವಿ ಬೇರೆಯಾಗಿಯೇ ಹಿಡಿಯುತ್ತದೆ. ಸ್ವರ ಕರಗುವಾಗ ಎರಡಕ್ಕೂ ಇರುವ ಅಂತರ ಸಂಗೀತ ಗೊತ್ತಿಲ್ಲದ ನನ್ನ ತಂಗಿಗೂ ಗೊತ್ತಾಯಿತು. ಮುಂದಿನ ತಿಂಗಳು ಎಟಿ2020 ಮಾರಿದೆ.

ಆದರೂ ಇದನ್ನು ಅಕ್ಷರಶಃ ತಗೋಬೇಡಿ. ನೀವು ತಬಲಾ ಜೊತೆ ಜೋರಾಗಿ ಗತ್ ಬಾರಿಸುವವರು, ಝಾಲಾ (ಕೊನೆಯ ವೇಗದ ಮೀಟು) ಪ್ರಿಯರು ಆಗಿದ್ದರೆ ಎಟಿ2020 ಸಾಕು. ಆ ಸುಂಯ್ ಅಲ್ಲಿ ಮುಳುಗಿಹೋಗುತ್ತದೆ. ನಿಧಾನ ಆಲಾಪದವರಿಗೆ ಮಾತ್ರ ಎನ್‌ಟಿ1ರ ದುಡ್ಡು ದಂಡವಲ್ಲ. ನಡುವಿನವರಿಗೆ ಎಟಿ2035.

ದೊಡ್ಡದೊಂದೋ, ಸಣ್ಣವೆರಡೋ?

ಮೇಲೆ ಹೇಳಿದ ಕಂಡೆನ್ಸರುಗಳನ್ನು ಅಗಲ ಪರದೆಯ (ಮೈಕಿನೊಳಗೆ ಸದ್ದಿಗೆ ಅಲುಗುವ ಡಯಾಫ್ರಾಮ್) ಜಾತಿ ಅನ್ನಬಹುದು. ಪೆನ್ಸಿಲಿನಂತೆ ತೆಳ್ಳಗಿರುವ ಸಣ್ಣ ಪರದೆಯವು ಬೇರೆ ಇವೆ. ರೋಡ್ ಎಂ5, ಎನ್‌ಟಿ5 ಜೋಡಿಯಾಗಿ ಸಿಗುತ್ತವೆ. ಮೀಟು ತಾಗುವ ಕ್ಷಣವನ್ನು ಇವು ಚಾಕುವಿನಂತೆ ಕತ್ತರಿಸಿ ಕೊಡುತ್ತವೆ. ಪಕ್ಕದಿಂದ ಬರುವ ಸದ್ದನ್ನೂ ಹೆಚ್ಚು ಕೆಡಿಸುವುದಿಲ್ಲ. ಆದರೆ ಸ್ವಂತ ಸದ್ದು ಸ್ವಲ್ಪ ಜಾಸ್ತಿ. ಎನ್‌ಟಿ5ರಲ್ಲಿ 16 ಡಿಬಿ, ಎಂ5ರಲ್ಲಿ 19.

ತರಬ್ ತಂತಿ ಇರುವ ವಾದ್ಯಕ್ಕೆ ಜೋಡಿಯಲ್ಲಿ ಒಂದು ಸೊಗಸಿದೆ. ಎರಡನ್ನೂ ಮೂತಿಗೆ ಮೂತಿ ತಾಗುವ ಹಾಗೆ 90 ಡಿಗ್ರಿಯಲ್ಲಿ ಕತ್ತರಿಯಾಗಿ ಇಟ್ಟು ವಾದ್ಯದ ಮೇಲಿಂದ ಹಿಡಿದರೆ, ಬಾರಿಸಿದ ಸ್ವರ ನಡುವೆ, ತರಬಿನ ಗುಂಯ್ ಸುತ್ತಲೂ ಹರಡುತ್ತದೆ. ಬೇರೆ ಬೇರೆ ದೂರದಲ್ಲಿ ಇಟ್ಟರೆ ಮಾತ್ರ ಎಚ್ಚರ. ಹೆಡ್‌ಫೋನಿನಲ್ಲಿ ಭಾರಿ ಅನ್ನಿಸಿದ್ದು ಒಂದೇ ಸ್ಪೀಕರಿನ ಫೋನಿನಲ್ಲಿ ಟೊಳ್ಳಾಗಿ ಕೇಳಬಹುದು. ಕೇಳುವವರಲ್ಲಿ ಮುಕ್ಕಾಲು ಪಾಲು ಜನ ಅಡುಗೆಮನೆಯ ಕಟ್ಟೆಯ ಮೇಲೆ ಫೋನ್ ಒರಗಿಸಿ ಕೇಳುವವರೇ ಅಲ್ವಾ. ಎರಡೂ ಟ್ರ್ಯಾಕ್ ಮೋನೋ ಮಾಡಿ ಒಮ್ಮೆ ಕೇಳಿಯೇ ಮುಂದೆ ಹೋಗಿ.

ನನ್ನನ್ನು ಕೇಳಿದರೆ ಮೊದಲ ಖರೀದಿ ಅಗಲ ಪರದೆಯ ಒಂದೇ ಮೈಕ್. ಜೋಡಿ ಆಮೇಲೆ ನೋಡಿಕೊಂಡರಾಯಿತು.

ರಿಬ್ಬನ್ ಎಂಬ ಆಸೆ

ಬಾರಿನ ಉಜ್ಜಾಟಕ್ಕೆ ಔಷಧಿ ರಿಬ್ಬನ್ ಮೈಕ್, ಅಂದರೆ ತೆಳು ಲೋಹದ ಪಟ್ಟಿಯಿಂದ ಸದ್ದು ಹಿಡಿಯುವ ಮೈಕ್, ಎಂದು ಹೇಳುವವರಿದ್ದಾರೆ. ಸುಳ್ಳಲ್ಲ. ಅದು ಮೇಲಿನ ಸದ್ದನ್ನು ತಾನಾಗಿಯೇ ಮೆತ್ತಗೆ ಮಾಡುತ್ತದೆ. ಒಮ್ಮೆ ಬಾಡಿಗೆಗೆ ತಂದಿದ್ದೆ. ಕಾಕಾನ ಗಿಟಾರ್ ಅದರಲ್ಲಿ ಹಳೇ ರೇಡಿಯೋದಿಂದ ಬಂದ ಹಾಗೆ ಕೇಳಿಸಿತು, ಒಳ್ಳೆಯ ಅರ್ಥದಲ್ಲೇ.

ಆದರೆ ರಿಬ್ಬನ್ ಮುಂದಿನಿಂದ ಕೇಳಿದಷ್ಟೇ ಹಿಂದಿನಿಂದಲೂ ಕೇಳುತ್ತದೆ. ಹಿಂದೆ ಬರಿ ಗೋಡೆ ಇದ್ದರೆ ಗೋಡೆಯೂ ಬಾರಿಸುತ್ತದೆ. ಗೇನ್ ಎಸ್‌ಎಂ57ನಷ್ಟೇ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ಕೇಬಲ್ ಕೆಟ್ಟಿದ್ದಾಗ ಮೈಕಿನೊಳಗೆ ಫ್ಯಾಂಟಮ್ ಕರೆಂಟ್ ಹರಿದರೆ ಒಳಗಿನ ಪಟ್ಟಿ ಹಾಳಾಗಬಹುದು. ಒಳಗೆ ಬಲವಾದ ಅಯಸ್ಕಾಂತ ಬೇರೆ ಇದೆ. ತಂತಿ ಕತ್ತರಿಸಿದ ಚೂರು, ಕಬ್ಬಿಣದ ಪುಡಿ ಇರುವ ಮೇಜಿನ ಮೇಲೆ ಇಟ್ಟರೆ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಸ್ಟೀಲ್ ಗಿಟಾರಿನವರ ಮೇಜಿನ ಮೇಲೆ ಇರುವುದೇ ಅದು! ದಪ್ಪ ಪರ್ಸ್ ಇದ್ದವರು ರೋಯರ್ ಆರ್‌121 ಎಂಬ ರಿಬ್ಬನ್ ತರಲಿ, ನಾನು ಅಡ್ಡ ಬರುವುದಿಲ್ಲ.

ಮೈಕ್ ಬೇಡ, ಪಿಕಪ್ ಸಾಕು ಎನ್ನುವವರಿಗೆ

ಟೊಳ್ಳು ಗಿಟಾರಿಗೆ ಎರಡು ತರದ ಪಿಕಪ್ ಹಾಕಿಸುತ್ತಾರೆ. ಬ್ರಿಜ್ಜಿನ ಕೆಳಗಿನ ಪೀಝೋ ಮರದ ಅಲುಗಾಟ ಹಿಡಿಯುತ್ತದೆ. ಜೊತೆಗೆ ಬಾರ್ ತಾಗಿದ ಟಕ್ ಟಕ್ ಕೂಡ ಹಿಡಿಯುತ್ತದೆ, ಧ್ವನಿ ಒಣಕಲು. ರಂಧ್ರದ ಮೇಲೆ ಕೂರುವ ಮ್ಯಾಗ್ನೆಟ್ ಪಿಕಪ್ ತುಂಬಿದ ಧ್ವನಿ ಕೊಡುತ್ತದೆ, ಆದರೆ ತನ್ನ ಮೇಲೆ ಹಾದುಹೋಗುವ ತಂತಿಯನ್ನಷ್ಟೇ ಕೇಳುತ್ತದೆ. ಪಕ್ಕದಲ್ಲಿ ಹೋಗುವ ತರಬ್ ಅದಕ್ಕೆ ಕೇಳಿಸುವುದಿಲ್ಲ. ಸಭೆಯಲ್ಲಿ ತಬಲಾ ಪಕ್ಕ ಕೂತು ನುಡಿಸುವಾಗ ಪಿಕಪ್ ಉಪಕಾರಿ. ಮನೆಯ ರೆಕಾರ್ಡಿಂಗಿಗೆ ಪಿಕಪ್ ಒಂದೇ ಎಂದರೆ ನನ್ನ ಮತ ಇಲ್ಲ.

ಎರಡೂ ಸೇರಿಸಿದರೆ? ಮಾಡಬಹುದು. ಆದರೆ ಪಿಕಪ್ಪಿನ ಸದ್ದು ತಕ್ಷಣ ಬರುತ್ತದೆ, 40 ಸೆಂಟಿಮೀಟರ್ ದೂರದ ಮೈಕಿಗೆ ಗಾಳಿಯಲ್ಲಿ ಬರಲು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. 48 ಕಿಲೋಹರ್ಟ್ಸಿನಲ್ಲಿ, ಅಂದರೆ ಸೆಕೆಂಡಿಗೆ 48 ಸಾವಿರ ಸ್ಯಾಂಪಲ್ ಹಿಡಿಯುವ ರೆಕಾರ್ಡಿಂಗಿನಲ್ಲಿ, ಅದು ಸುಮಾರು 56 ಸ್ಯಾಂಪಲ್. ಮೈಕಿನ ಟ್ರ್ಯಾಕನ್ನು ಅಷ್ಟು ಮುಂಚೆ ಸರಿಸಿದರೆ ಎರಡೂ ಒಂದಾಗುತ್ತವೆ. ಸರಿಸದಿದ್ದರೆ ಧ್ವನಿ ಮೂಗಿನಲ್ಲಿ ಬಂದ ಹಾಗಿರುತ್ತದೆ.

ಲ್ಯಾಪ್ ಸ್ಟೀಲಿನವರು ನೇರವಾಗಿ ಇಂಟರ್‌ಫೇಸಿಗೆ ಹಾಕುವುದಾದರೆ ಇನ್ಸ್‌ಟ್ರುಮೆಂಟ್ ಗುಂಡಿ ಒತ್ತಲೇಬೇಕು. ಪಿಕಪ್‌ಗೆ ಸುಮಾರು 10 ಲಕ್ಷ ಓಮಿನ ಬಾಗಿಲು ಬೇಕು. ಮಿಕ್ಸರಿನ ಸಾದಾ ಲೈನ್ ಇನ್‌ಪುಟ್ ಕೆಲವೇ ಹತ್ತು ಸಾವಿರ ಓಮಿನದು. ಅದಕ್ಕೆ ಚುಚ್ಚಿದರೆ ಮೇಲಿನ ಸದ್ದೆಲ್ಲ ಸೋರಿಹೋಗಿ ಗಿಟಾರ್ ಹೊದ್ದುಕೊಂಡು ಮಲಗಿದ ಹಾಗೆ ಕೇಳುತ್ತದೆ. ಆ ಗುಂಡಿ ಇಲ್ಲದ ಕಡೆ ನಡುವೆ ಒಂದು ಡಿಐ ಬಾಕ್ಸ್ ಹಾಕಿ.

ಆಂಪ್ ಇದ್ದರೆ ಎಸ್‌ಎಂ57 ಈಗ ಹೊರಗೆ ಬರಲಿ. ನನ್ನ ಮೊದಲ ದಿನದ ಖಳನಾಯಕ ಇಲ್ಲಿ ನಾಯಕ. ಆಂಪಿನ ಸ್ಪೀಕರ್ ಮೇಲಿನ ಚೂಪನ್ನು ಮೊದಲೇ ಸೋಸಿರುತ್ತದೆ, ಸದ್ದೂ ಜೋರು, ಹಾಗಾಗಿ ಗೇನಿನ ಚಿಂತೆ ಇಲ್ಲ. ಜಾಲರಿಯಿಂದ ಎರಡು ಬೆರಳು ದೂರ ಇಡಿ. ಸ್ಪೀಕರಿನ ನಡುವಿನ ಟೋಪಿಗೆ ನೇರವಾಗಿ ಇಟ್ಟರೆ ಕಿವಿ ಚುಚ್ಚುತ್ತದೆ, ಅಂಚಿನ ಕಡೆ ಸರಿಸಿದಷ್ಟೂ ಮೆತ್ತಗಾಗುತ್ತದೆ. ಟೋನ್ ಗುಬ್ಬಿ ತಿರುಗಿಸುವ ಮುಂಚೆ ಮೈಕನ್ನು ಒಂದೊಂದು ಇಂಚು ಸರಿಸಿ ಕೇಳಿ. ಈ ಕೆಲಸಕ್ಕೆ ಇದಕ್ಕಿಂತ ದುಬಾರಿ ಮೈಕ್ ಕೊಳ್ಳುವ ಅಗತ್ಯ ನನಗಂತೂ ಕಂಡಿಲ್ಲ.

ಮೈಕ್ ಎಲ್ಲಿಡಬೇಕು, ಕೌದಿ ಎಲ್ಲಿ ಕಟ್ಟಬೇಕು

ನಿಜ ಹೇಳಬೇಕೆಂದರೆ ಮೇಲಿನ ಎಲ್ಲ ವ್ಯತ್ಯಾಸಕ್ಕಿಂತ ದೊಡ್ಡ ವ್ಯತ್ಯಾಸ ಮಾಡಿದ್ದು ನಮ್ಮ ಅಜ್ಜಿಯ ಕೌದಿಗಳು. ಹಳೇ ಸೀರೆ, ಧೋತರ ಪದರ ಪದರ ಸೇರಿಸಿ ಕೈಯಲ್ಲಿ ಹೊಲಿದವು. ಒಂದೊಂದೂ ಎತ್ತಲು ಭಾರ. ಆ ಭಾರವೇ ಬೇಕಾದದ್ದು. ಅಂಗಡಿಯಲ್ಲಿ ಸಿಗುವ ಮೊಟ್ಟೆಪೆಟ್ಟಿಗೆಯಂಥ ತೆಳು ಫೋಮ್ ಮೇಲಿನ ಸದ್ದನ್ನಷ್ಟೇ ನುಂಗಿ ಕೆಳಗಿನ ಗುಂಯ್ ಹಾಗೇ ಬಿಡುತ್ತದೆ. ಕೌದಿಯನ್ನು ಗೋಡೆಗೆ ಒತ್ತಿ ಕಟ್ಟಬೇಡಿ. ಗೋಡೆಯಿಂದ ಒಂದು ಗೇಣು ಬಿಟ್ಟು ಹಗ್ಗದ ಮೇಲೆ ಹಾಕಿದರೆ ಜಾಸ್ತಿ ಕೆಲಸ ಮಾಡುತ್ತದೆ. ಕಾಕಾನ ಬೆನ್ನ ಹಿಂದೆ ಒಂದು, ಮೈಕಿನ ಹಿಂದೆ ಒಂದು, ಕಿಟಕಿಗೆ ಎರಡು. ನೆಲಕ್ಕೆ ನವಲಗುಂದದ ಜಮಖಾನೆ. ಮೂಲೆಯಲ್ಲಿ ಸುತ್ತಿಟ್ಟ ಅರಳೆ ಗಾದಿ.

ಹಾಗಂತ ಕೋಣೆಯನ್ನು ಪೂರ್ತಿ ಸಾಯಿಸಬಾರದು. ಹಾಡುವವರಿಗೆಂದೇ ಮಾಡಿದ, ಸುತ್ತ ಫೋಮ್ ಹೊಡೆದ ಸಣ್ಣ ಬೂತಿನಲ್ಲಿ ಒಮ್ಮೆ ಬಾಡಿಗೆ ಕೊಟ್ಟು ರೆಕಾರ್ಡ್ ಮಾಡಿಸಿದೆವು. ಮೈಕ್ ನಮ್ಮದಕ್ಕಿಂತ ಎಷ್ಟೋ ದುಬಾರಿ. ಗಿಟಾರ್ ಮಾತ್ರ ಕಪಾಟಿನೊಳಗೆ ಕೂತು ಬಾರಿಸಿದ ಹಾಗೆ. ವಿಶ್ವಮೋಹನ ಭಟ್ಟರು ಅಮೆರಿಕದ ರೈ ಕೂಡರ್ ಜೊತೆ ನುಡಿಸಿ 1994ರಲ್ಲಿ ಗ್ರ್ಯಾಮಿ ಗೆದ್ದ ಮುದ್ರಿಕೆ ಒಂದು ಚಾಪೆಲ್ಲಿನಲ್ಲಿ ಆಗಿದ್ದು. ಸ್ವರ ಕರಗಲು ಅಲ್ಲಿ ಗಾಳಿ ಇತ್ತು. ನಮ್ಮ ಹಳೇ ಮನೆಗಳ ಎತ್ತರದ ಜಂತಿ ಮಾಳಿಗೆ ಈ ವಿಷಯದಲ್ಲಿ ದೊಡ್ಡ ಆಸ್ತಿ. ಮೇಲೆ ಏನೂ ಕಟ್ಟಬೇಡಿ.

ಇನ್ನು ಜಾಗ. ಗಿಟಾರ್ ತೊಡೆಯ ಮೇಲೆ ಮಲಗಿರುವುದರಿಂದ ಸದ್ದು ಮೇಲಕ್ಕೆ ಹೋಗುತ್ತದೆ. ಮುಂದೆ ನೆಲದ ಮೇಲೆ ಇಟ್ಟ ಮೈಕಿಗೆ ಸಿಗುವುದು ಚೂರುಪಾರು. ಎತ್ತರದ ಬೂಮ್ ಸ್ಟ್ಯಾಂಡ್ ಬೇಕು. ಮೈಕ್ ಮುಂದಿನಿಂದ ಇಳಿಜಾರಾಗಿ ಬರಲಿ, ವಾದ್ಯದಿಂದ ಸುಮಾರು ಒಂದು ಮೊಳ ದೂರ. ಗುರಿ ಕತ್ತು ಮತ್ತು ಮೈ ಸೇರುವ ಜಾಗ. ರಂಧ್ರದ ಕಡೆ ತಿರುಗಿಸಿದರೆ ಗುಂಯ್ ಜಾಸ್ತಿ, ಬ್ರಿಜ್ಜಿನ ಕಡೆ ತಿರುಗಿಸಿದರೆ ಬೆರಳಿಗೆ ಹಾಕುವ ಮಿಜರಾಬಿನ ಟಣ್ ಟಣ್, ಕತ್ತಿನ ಕಡೆ ಹೋದರೆ ಕಸಬರಿಗೆ. ವಾದಕರು ಬಾಗಿ ಕೂರುತ್ತಾರೆ, ಅವರ ಉಸಿರು ಮೈಕಿನ ಮೂತಿಗೆ ಬೀಳದ ಹಾಗೆ ನೋಡಿ. ಕಾಕಾಗೆ ತನ್ಮಯರಾದಾಗ ಗುನುಗುವ ಚಟ ಇದೆ. ಮೈಕನ್ನು ಬಲಗೈ ಕಡೆಗೆ ನಾಲ್ಕು ಬೆರಳು ಸರಿಸಿ, ತಲೆಗೆ ಬೆನ್ನು ಕೊಟ್ಟ ಮೇಲೆ ಗುನುಗು ಅರ್ಧಕ್ಕೆ ಇಳಿಯಿತು. ಉಳಿದರ್ಧ ಇರಲಿ ಅಂತ ಬಿಟ್ಟಿದ್ದೇನೆ.

ಭಾರದ ಮೈಕ್ ಹೊತ್ತ ಬೂಮ್ ಸ್ಟ್ಯಾಂಡ್ ಮುಗ್ಗರಿಸುತ್ತದೆ. ಅದರ ಕಾಲಿಗೆ ನಾನು ಎರಡು ಕಿಲೋ ಜೋಳದ ಚೀಲ ಕಟ್ಟುತ್ತೇನೆ.

ತಬಲಾ ಇದ್ದರೆ ತಬಲಾದವರನ್ನು ಗಿಟಾರ್ ಮೈಕಿನ ಬೆನ್ನಿಗೆ ಕೂರಿಸಿ, ಅಲ್ಲೇ ಅದು ಕಿವುಡು. ತಂಬೂರಿ ಪೆಟ್ಟಿಗೆ ಅಥವಾ ಫೋನಿನ ತಂಬೂರಿಯನ್ನು ಕೋಣೆಯಲ್ಲಿ ಹಾಕಬೇಡಿ, ಹೆಡ್‌ಫೋನಿನಲ್ಲಿ ಕೊಡಿ. ಆಮೇಲೆ ಬೇಕಾದಷ್ಟು ಸೇರಿಸಬಹುದು. ಒಮ್ಮೆ ಮೈಕಿಗೆ ಹೋದದ್ದನ್ನು ತೆಗೆಯಲು ಬರುವುದಿಲ್ಲ.

ಉಳಿದ ಸಾಮಾನು

ಇಂಟರ್‌ಫೇಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಮೈಕ್ ಇನ್‌ಪುಟ್, 48 ವೋಲ್ಟ್, 24 ಬಿಟ್ ಇದ್ದರೆ ಆಯಿತು. 48 ಕಿಲೋಹರ್ಟ್ಸ್ ಸಾಕು. ಗೇನ್ ಇಡುವಾಗ ಆಲಾಪ ನೋಡಿ ಇಡಬೇಡಿ. "ಕಾಕಾ, ಝಾಲಾ ಬಾರಿಸ್ರಿ" ಎಂದು ಹೇಳಿ, ಅತಿ ಜೋರಿನ ಮೀಟು ಮೀಟರಿನಲ್ಲಿ ಮೈನಸ್ 12 ಡಿಬಿಯ ಹತ್ತಿರ ಬರುವ ಹಾಗೆ ಇಡಿ. ಹೆಡ್‌ಫೋನ್ ಕಿವಿ ಮುಚ್ಚುವ ಜಾತಿಯದಿರಲಿ. ಕೇಬಲ್ ಅಗ್ಗದ್ದು ಬೇಡ, ಎರಡು ವರ್ಷಕ್ಕೆ ಮೂರು ಸಲ ಅಗ್ಗದ್ದು ಕೊಂಡು ಬುದ್ಧಿ ಕಲಿತವನು ಹೇಳುತ್ತಿದ್ದೇನೆ.

ಕೆಳಗಿನ ಸದ್ದು ಕತ್ತರಿಸುವ ಫಿಲ್ಟರ್ ಹಾಕುವಾಗ ಒಂದು ಲೆಕ್ಕ ನೋಡಿ. ಸಿ6 ಶ್ರುತಿಯ ಆರು ತಂತಿಯ ಲ್ಯಾಪ್ ಸ್ಟೀಲಿನಲ್ಲಿ ಅತಿ ಕೆಳಗಿನ ಸ್ವರ 130 ಹರ್ಟ್ಸ್, ಹಾಗಾಗಿ 80ಕ್ಕೆ ಕತ್ತರಿಸಿದರೂ ನಷ್ಟ ಇಲ್ಲ. ಕೆಳಗಿನ ತಂತಿಯನ್ನು ಮಂದ್ರದ ಡಿ ಸ್ವರಕ್ಕೆ ಇಳಿಸಿದ ಟೊಳ್ಳು ಗಿಟಾರಿನಲ್ಲಿ ಅದು 73 ಹರ್ಟ್ಸ್. ಅಲ್ಲಿ 80ಕ್ಕೆ ಕತ್ತರಿಸಿದರೆ ಬುಡವೇ ಹೋಯಿತು. 50ಕ್ಕೆ ನಿಲ್ಲಿಸಿ.

ಹಮ್ (ಕರೆಂಟಿನಿಂದ ಬರುವ ಗುಂಯ್ ಸದ್ದು) ಬಂದರೆ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಲ್ಯಾಪ್ ಸ್ಟೀಲಿನ ಒಂಟಿ ಸುರುಳಿ ಪಿಕಪ್ ಟ್ಯೂಬ್‌ಲೈಟ್, ಫ್ಯಾನ್ ರೆಗ್ಯುಲೇಟರಿನ ಸದ್ದನ್ನೂ ಹಿಡಿಯುತ್ತದೆ. ಕುರ್ಚಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದರೆ ಯಾವುದೋ ಒಂದು ದಿಕ್ಕಿನಲ್ಲಿ ಹಮ್ ಇಳಿಯುತ್ತದೆ. ಹಮ್ ಹೋಗಲಿ ಎಂದು ಆಂಪಿನ ಅರ್ಥಿಂಗ್ ಪಿನ್ ಮುರಿಯುವ ಜನರನ್ನು ನೋಡಿದ್ದೇನೆ. ಒಂದು ಕೈ ತಂತಿಯ ಮೇಲೆ, ಇನ್ನೊಂದು ಕೈ ಮೈಕಿನ ಮೇಲೆ ಬಿದ್ದರೆ ಜೀವಕ್ಕೇ ಕುತ್ತು. ಅದನ್ನು ಮಾತ್ರ ಮಾಡಬೇಡಿ. ಮನೆಯಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಮೈಕಿನ ದುಡ್ಡಿನಿಂದಲೇ ಮೊದಲು ಅದನ್ನು ಮಾಡಿಸಿ.

ಜೂನಿನಿಂದ ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಗೊತ್ತಲ್ಲ, ಅರಿವೆ ನಾಲ್ಕು ದಿನ ಒಣಗುವುದಿಲ್ಲ. ಕಂಡೆನ್ಸರ್ ಮೈಕ್ ತೇವ ಕುಡಿದರೆ ಚಟಪಟ ಅನ್ನುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಗುರುಗಳಿಗೆ ರಿಯಾಜ್ ಕಳಿಸುವುದಷ್ಟೇ ನಿಮ್ಮ ಕೆಲಸವಾದರೆ ಇದಾವುದೂ ಬೇಡ. ಝೂಮ್ ಎಚ್1 ತರದ ಕೈ ರೆಕಾರ್ಡರ್ ಒಂದನ್ನು ಎದೆಯ ಎತ್ತರಕ್ಕೆ ಇಟ್ಟು, ಫ್ಯಾನ್ ಆರಿಸಿ, ಗುಂಡಿ ಒತ್ತಿ.

ಎನ್‌ಟಿ1 ಬಂದ ಮೇಲೆ, ಕೌದಿ ಕಟ್ಟಿದ ಮೇಲೆ, ಹೊಸ ತಂತಿ ಹಾಕಿದ ಮೇಲೆ ಕಾಕಾ ಮತ್ತೆ ಬಾಗೇಶ್ರೀಗೆ ಕೂತರು. ರಾತ್ರಿ ಹತ್ತೂವರೆ. ನಲವತ್ತು ನಿಮಿಷ ಎಲ್ಲೂ ನಿಲ್ಲಲಿಲ್ಲ. ಕೊನೆಯ ಮೀಂಡ್ ಮಧ್ಯಮದಿಂದ ಇಳಿದು ಷಡ್ಜಕ್ಕೆ ಬಂದು ಕರಗುತ್ತಾ ಹೋಯಿತು. ನಾನು ಉಸಿರು ಹಿಡಿದು ಕೂತಿದ್ದೆ.

ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ತಲೆ ಆಡಿಸಿದರು. ಕೊನೆಗೆ ಕಣ್ಣು ತೆರೆದರು.

"ಈಗ ಗಿಟಾರ್ ಬಂತು ನೋಡಪಾ" ಎಂದರು. "ಆದ್ರ ಕಡೀ ಷಡ್ಜದಾಗ ಆ ರೈಲಿನ ಸೀಟಿ ಯಾರು ಊದಿದ್ರು?"